ಮಾತಿನ ಲೆಕ್ಕ

ಜೂನ್ 3

ಹೂಂಗುಟ್ಟಮ್ಮನಿಗೆ,

ಫೋನಿನಲ್ಲಿ ಏನು ಕೇಳಿದರೂ ನೀನು ‘ಹೂಂ’ ಅನ್ನುತ್ತೀಯ. ಊಟ ಆಯ್ತಾ ಅಂದರೆ ಹೂಂ. ಇನ್ನೂ ಆಗಿಲ್ವಾ ಅಂದರೂ ಹೂಂ. ಅದಕ್ಕೇ ಈ ಪತ್ರ. ಕಾಗದದ ಮೇಲೆ ಹೂಂಗುಟ್ಟಲು ಬರುವುದಿಲ್ಲ.

ಮೊನ್ನೆ ಅಪ್ಪ ದಾರಿಯಲ್ಲಿ ಎಲ್ಲೋ ಲಾರಿ ನಿಲ್ಲಿಸಿಕೊಂಡು ಫೋನ್ ಮಾಡಿದ್ದರು. “ನಿನ್ನ ತಂಗಿಗೆ ಗಣಿತ ಬರುತ್ತೆ, ಪ್ರಬಂಧ ಬರುತ್ತೆ, ಆ ಮಾತಿನ ಲೆಕ್ಕ ಒಂದು ಬರಲ್ಲ. ನೀನಾದ್ರೂ ಹೇಳಿಕೊಡು” ಅಂದರು.

“ನಾನಾ? ಹತ್ತನೇ ಕ್ಲಾಸು ದಾಟದವಳು?”

“ಮಾತಿಗೆ ಮಾತು ಕೊಡೋದ್ರಲ್ಲಿ ನಿನ್ನ ಮೀರಿಸೋರು ಯಾರಿದ್ದಾರೆ?”

ಹೊಗಳಿದರೋ ಬೈದರೋ ಇನ್ನೂ ಗೊತ್ತಾಗಿಲ್ಲ. ಹಳೆಯ ಪುಸ್ತಕದ ಅಂಗಡಿಯಲ್ಲಿ ನಿನ್ನ ಪುಸ್ತಕವೇ ಸಿಕ್ಕಿತು. ಮೇಲೆ ‘ಭಾಷಾ ತಾರ್ಕಿಕ ಸಾಮರ್ಥ್ಯ’ ಅಂತ ಇದೆ. ಹೇಳುವಷ್ಟರಲ್ಲಿ ನಾಲಿಗೆ ಗಂಟು ಬೀಳುತ್ತದೆ. ನಾವು ಅಪ್ಪನ ಹಾಗೆ ಮಾತಿನ ಲೆಕ್ಕ ಅಂತಲೇ ಅನ್ನೋಣ.

ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನಗೆ ಪಾಠ ಮಾಡಿ ಗೊತ್ತಿಲ್ಲ. ಒಂದು ಕಡೆ ನಿಂತೂ ಗೊತ್ತಿಲ್ಲ. ಬೇಕರಿ ಬಿಟ್ಟೆ, ಚಪ್ಪಲಿ ಅಂಗಡಿ ಬಿಟ್ಟೆ, ಈಗ ಈ ಲಾಂಡ್ರಿಯಲ್ಲಿ ಎಂಟು ತಿಂಗಳಾಯಿತು, ನನಗೇ ಆಶ್ಚರ್ಯ. ಆದರೆ ನೀನು ನವೆಂಬರಿನಲ್ಲಿ ಬರೆಯುವ ಪರೀಕ್ಷೆ ಯಾವ ಶಾಲೆಗೋ, ಆ ಶಾಲೆ ನಮ್ಮ ಲಾಂಡ್ರಿಯಿಂದ ಮೂರೇ ಸ್ಟಾಪು. ನೀನು ಪಾಸಾಗಿ ಅಲ್ಲಿನ ಹಾಸ್ಟೆಲಿಗೆ ಬಂದರೆ ಪ್ರತಿ ಭಾನುವಾರ ನಾವು ಒಟ್ಟಿಗೆ ಇರಬಹುದು. ನೂರು ಅಂಕದಲ್ಲಿ ನಲವತ್ತು ಈ ಮಾತಿನ ಲೆಕ್ಕಕ್ಕೇ. ಹಾಗಾಗಿ ಇದು ನಿನಗೆ ಮಾತ್ರವಲ್ಲ, ನನಗೂ ಬೇಕಾದ ಪರೀಕ್ಷೆ.

ನಿಯಮ ಒಂದೇ. ಬರೀ ಗುರುತು ಹಾಕಿ ಕಳಿಸಬಾರದು. ಪ್ರತಿ ಉತ್ತರದ ಮುಂದೆ ‘ಯಾಕೆಂದರೆ’ ಅಂತ ಬರೆದು ಕಾರಣ ಹೇಳಬೇಕು. ಉತ್ತರ ತಪ್ಪಾದರೂ ಪರವಾಗಿಲ್ಲ, ‘ಯಾಕೆಂದರೆ’ ಇಲ್ಲದಿದ್ದರೆ ಸೊನ್ನೆ.

1. ಗುಂಪಿಗೆ ಸೇರದ ಪದ ಯಾವುದು? ಟವೆಲು, ಹಾಸುಬಟ್ಟೆ, ದಿಂಬಿನ ಚೀಲ, ಗುಂಡಿ.
2. ಹಸಿವಿಗೆ ಊಟ ಹೇಗೋ ಆಯಾಸಕ್ಕೆ ಏನು? ಕೆಲಸ, ನಿದ್ದೆ, ಬೆವರು.
3. ಕೆಂಪು ಟವೆಲುಗಳೆಲ್ಲ ಬಣ್ಣ ಬಿಡುತ್ತವೆ. ಈ ಟವೆಲು ಬಣ್ಣ ಬಿಟ್ಟಿದೆ. ಆದ್ದರಿಂದ ಇದು ಕೆಂಪು ಟವೆಲು. ಸರಿಯೋ, ತಪ್ಪೋ, ಮಾಹಿತಿ ಸಾಲದೋ?

ನಿನ್ನ
ಬುಗುರಿ ಅಕ್ಕ


ಜೂನ್ 15

ಪ್ರೀತಿಯ ಬುಗುರಿ ಅಕ್ಕನಿಗೆ,

ನಾನು ಫೋನಿನಲ್ಲಿ ಹೂಂ ಅನ್ನುವುದು ಯಾಕೆಂದರೆ ನೀನು ನಡುವೆ ಉಸಿರು ಬಿಡುವುದಿಲ್ಲ.

1. ಗುಂಡಿ. ಯಾಕೆಂದರೆ ಉಳಿದದ್ದೆಲ್ಲ ಬಟ್ಟೆ. ಇನ್ನೊಂದು ಯಾಕೆಂದರೆ, ರಸ್ತೆಯಲ್ಲಿ ಗುಂಡಿ ಇರುತ್ತದೆ, ಟವೆಲು ಇರುವುದಿಲ್ಲ.

2. ನಿದ್ದೆ ಅಂತ ಪುಸ್ತಕದ ಹಿಂದೆ ಇದೆ. ಆದರೆ ಮೂರೂ ಅಲ್ಲ. ಯಾಕೆಂದರೆ ಮಲಗಿ ಎದ್ದರೂ ಕೆಲವರ ಆಯಾಸ ಹಾಗೇ ಇರುತ್ತದೆ. ಯಾರಾದರೂ ‘ಸ್ವಲ್ಪ ಕೂತ್ಕೋ, ನಾನು ಮಾಡ್ತೀನಿ’ ಅಂದರೆ ಹೋಗುತ್ತದೆ.

3. ಮಾಹಿತಿ ಸಾಲದು. ಯಾಕೆಂದರೆ ನೀಲಿ ಟವೆಲು ಬಣ್ಣ ಬಿಡುವುದಿಲ್ಲ ಅಂತ ಯಾರೂ ಹೇಳಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಅಮ್ಮನಿಗೆ ಶಾಲೆ ಶುರುವಾಗುವ ಕಾಲ ಅಂತ ಸಮವಸ್ತ್ರ ಹೊಲಿಯುವ ಕೆಲಸ ತುಂಬಾ ಇದೆ. ಮನೆ ತುಂಬ ನೀಲಿ ದಾರ. ನನ್ನ ತಲೆ ಬಾಚಿದರೂ ಒಂದು ಎಳೆ ಸಿಗುತ್ತದೆ.

ಇನ್ನೂ ಕಷ್ಟದ್ದು ಕಳಿಸು.

ನಿನ್ನ ತಂಗಿ


ಜೂನ್ 26

ಹೂಂಗುಟ್ಟಮ್ಮನಿಗೆ,

ನಿನ್ನ ಎರಡನೇ ಉತ್ತರವನ್ನು ನಾನು ಇಸ್ತ್ರಿ ಮೇಜಿನ ಹತ್ತಿರ ನಿಂತು ಎಲ್ಲರಿಗೂ ಓದಿ ಹೇಳಿದೆ. ನಮ್ಮ ಮೇಸ್ತ್ರಿಯಮ್ಮ, ಯಾರ ಮಾತಿಗೂ ತಲೆ ಎತ್ತದವರು, ತಲೆ ಎತ್ತಿ, “ಆ ಹುಡುಗಿಗೆ ಎಷ್ಟು ವಯಸ್ಸು?” ಅಂದರು. ಹನ್ನೊಂದು ಅಂದೆ. “ಹನ್ನೊಂದಕ್ಕೇ ಇಷ್ಟು ಸುಸ್ತಾ?” ಅಂದರು. ಎಲ್ಲ ನಕ್ಕರು. ಆಮೇಲೆ ಇಸ್ತ್ರಿ ಹಾಕುವ ಇನ್ನೊಬ್ಬಾಕೆಗೆ, “ಹೋಗು, ಸ್ವಲ್ಪ ಕೂತ್ಕೋ” ಅಂದರು. ಅಂದರೆ ನಿನ್ನ ಉತ್ತರಕ್ಕೆ ನೂರಕ್ಕೆ ನೂರು.

ಮೂರನೇ ಪ್ರಶ್ನೆಯನ್ನು ನಾನು ಪುಸ್ತಕದಿಂದ ತೆಗೆದದ್ದಲ್ಲ. ಅದು ನಡೆದ ಕಥೆ. ಕಳೆದ ತಿಂಗಳು ಆಸ್ಪತ್ರೆಯ ಐವತ್ತು ಬಿಳಿ ಹಾಸುಬಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿ ಬಂದವು. ಮೇಸ್ತ್ರಿಯಮ್ಮ ಸೀದಾ ನನ್ನ ಹತ್ತಿರ ಬಂದು, “ನಿಂದೇ ಕೆಲಸ” ಅಂದರು.

“ಯಾಕೆ?” ಅಂದೆ.

“ಹೋದ ಸಲ ಕೆಂಪು ಟವೆಲು ಬಿಟ್ಟಿದ್ದು ನೀನೇ ತಾನೆ?”

“ಹೋದ ಸಲ ನಾನು ಅಂದ್ರೆ ಈ ಸಲವೂ ನಾನು ಅಂತ ಹೇಗೆ ಆಗುತ್ತೆ? ಯಾವ ಮೆಷಿನ್ನು, ಯಾವ ಹೊತ್ತು, ಯಾರ ಪಾಳಿ, ಅದನ್ನ ಮೊದಲು ನೋಡಿ.”

ನೋಡಿದರು. ನಾಲ್ಕನೇ ಮೆಷಿನ್ನು, ಮಧ್ಯಾಹ್ನದ ಪಾಳಿ. ಒಳಗಿನಿಂದ ಒಂದು ಕೆಂಪು ಕರವಸ್ತ್ರ ಬಂತು. ಅದು ನನ್ನದೇ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು ಜಾರಿ ಬಿದ್ದಿತ್ತು.

ನಗಬೇಡ. ನಾನು ಅಲ್ಲೇ ಒಪ್ಪಿಕೊಂಡೆ. “ನೀವು ಹೇಳಿದ್ದು ಸರಿ, ಆದ್ರೆ ನೀವು ಹೇಳಿದ ಕಾರಣ ತಪ್ಪು” ಅಂದೆ. ಅವರಿಗೆ ಎಷ್ಟು ಸಿಟ್ಟು ಬಂತೆಂದರೆ ಬೈಯಲು ಮರೆತು ಹೋದರು. ಆದರೆ ಮಾರನೆಯ ವಾರದಿಂದ ಏನಾದರೂ ಕೆಟ್ಟರೆ ಯಾರ ಕಡೆಗೂ ಬೆರಳು ತೋರಿಸುವ ಮುಂಚೆ ಯಾವ ಮೆಷಿನ್ನು ಅಂತ ಕೇಳುತ್ತಾರೆ.

ಈ ಮಾತಿನ ಲೆಕ್ಕದ ಗುಟ್ಟು ಇಷ್ಟೇ ಅನ್ನಿಸುತ್ತದೆ. ಉತ್ತರ ಸರಿಯಾಗಿರಬಹುದು, ಅಲ್ಲಿಗೆ ಹೋದ ದಾರಿ ತಪ್ಪಾಗಿರಬಹುದು. ಶಾಲೆಯಲ್ಲಿ ನನಗೆ ಯಾರೂ ದಾರಿ ಕೇಳಲಿಲ್ಲ. ಉತ್ತರ ಕೇಳುತ್ತಿದ್ದರು, ನಾನು ಪಕ್ಕದವಳನ್ನು ನೋಡಿ ಹೇಳುತ್ತಿದ್ದೆ.

ಮುಂದಿನ ಪಾಠ ಸಂಬಂಧಗಳು. ಇದರಲ್ಲಿ ಎಲ್ಲರೂ ಎಡವುತ್ತಾರೆ. ಯಾಕೆಂದರೆ ನಮ್ಮ ಭಾಷೆಯಲ್ಲಿ ಒಂದು ಪದಕ್ಕೆ ನಾಲ್ಕು ಜನ ಓಗೊಡುತ್ತಾರೆ. ‘ಮಾವ’ ಅಂದರೆ ಅಮ್ಮನ ತಮ್ಮನೂ ಆಗಬಹುದು, ಗಂಡನ ಅಪ್ಪನೂ ಆಗಬಹುದು. ‘ಅತ್ತೆ’ಯೂ ಹಾಗೇ. ಆದ್ದರಿಂದ ಪದ ಓದಿದ ಕೂಡಲೇ ಮನುಷ್ಯರನ್ನು ಊಹಿಸಬೇಡ. ಕಾಗದದ ಮೇಲೆ ಗೆರೆ ಎಳೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಮಕ್ಕಳಿಗೆ ಕೆಳಗೆ ಗೆರೆ. ಮಾವ, ಅತ್ತೆ, ಭಾವ, ನಾದಿನಿ, ಎಲ್ಲದರ ಮೇಲೂ ಎರಡೆರಡು ಪ್ರಶ್ನೆ ಇದರ ಜೊತೆ ಇಟ್ಟಿದ್ದೇನೆ.

ಬುಗುರಿ ಅಕ್ಕ


ಜುಲೈ 8

ಪ್ರೀತಿಯ ಅಕ್ಕನಿಗೆ,

ಎಂಟಕ್ಕೆ ಏಳು ಸರಿ. ನಾದಿನಿಯ ಪ್ರಶ್ನೆ ತಪ್ಪಿತು, ಯಾಕೆಂದರೆ ನಮ್ಮ ಮನೆಯಲ್ಲಿ ನಾದಿನಿಯೇ ಇಲ್ಲ.

ಭಾವನ ಪ್ರಶ್ನೆಗೆ ಬರೆದಿರುವ ‘ಯಾಕೆಂದರೆ’ ಓದು. ‘ಮದುವೆಯ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿ, ಊಟಕ್ಕೆ ಕೊನೆಗೆ ಕೂತವರು ಯಾರೋ ಅವರು ಹೆಣ್ಣಿನ ಕಡೆಯವರು, ಹಾಗಾಗಿ ಇವನು ಹುಡುಗಿಯ ಅಣ್ಣ, ಹುಡುಗನಿಗೆ ಭಾವ.’ ಗೆರೆ ಎಳೆದು ನೋಡಿದರೂ ಅದೇ ಬಂತು.

ಆಗಸ್ಟಿನಲ್ಲಿ ನಮ್ಮ ಶಾಲೆಯಲ್ಲೇ ಒಂದು ಮಾದರಿ ಪರೀಕ್ಷೆ ಇದೆ.

ತಂಗಿ


ಜುಲೈ 19

ಹೂಂಗುಟ್ಟಮ್ಮನಿಗೆ,

ಭಾವನ ಉತ್ತರ ಓದಿ ನಕ್ಕು ನಕ್ಕು ಪಕ್ಕದವಳ ಮೇಲೆ ನೀರು ಚೆಲ್ಲಿದೆ. ನೀನು ಎಷ್ಟು ಮದುವೆ ನೋಡಿದ್ದೀಯ ಅಂತ ಇಷ್ಟು ಗೊತ್ತು? ನಿನ್ನ ವಯಸ್ಸಿನಲ್ಲಿ ನನಗೆ ಮದುವೆ ಅಂದರೆ ಐಸ್ ಕ್ರೀಂ ಮಾತ್ರ ಕಾಣುತ್ತಿತ್ತು. ನಿನ್ನ ತಲೆ ನಿಜವಾಗಿಯೂ ಒಳ್ಳೆಯದು. ಇದನ್ನು ನಾನು ಸುಮ್ಮನೆ ಹೇಳುವುದಿಲ್ಲ, ನಿನಗೆ ಗೊತ್ತು.

ನನ್ನ ಕೋಣೆಯ ಕಿಟಕಿಯಿಂದ ನಿನ್ನ ಆ ಶಾಲೆಯ ನೀರಿನ ಟ್ಯಾಂಕು ಕಾಣುತ್ತದೆ. ಮೊನ್ನೆಯವರೆಗೂ ಅದು ಯಾವುದೋ ಟ್ಯಾಂಕು ಆಗಿತ್ತು.

ಬುಗುರಿ


ಆಗಸ್ಟ್ 4

ಅಕ್ಕನಿಗೆ,

ಮಾದರಿ ಪರೀಕ್ಷೆ ಆಯಿತು. ಹದಿನೇಳನೇ ಪ್ರಶ್ನೆ: ‘ಒಬ್ಬ ಹುಡುಗಿ ತನ್ನ ತಂದೆಯ ಹೆಂಡತಿಯನ್ನು ಏನೆಂದು ಕರೆಯುತ್ತಾಳೆ?’ ಅತ್ತೆ, ಅಮ್ಮ, ಅಜ್ಜಿ, ಚಿಕ್ಕಮ್ಮ.

ನಾನು ಎರಡಕ್ಕೆ ಗುರುತು ಹಾಕಿದೆ. ಟೀಚರ್ ಕರೆದು, “ಒಂದಕ್ಕೇ ಹಾಕಬೇಕು ಕಣಮ್ಮ” ಅಂದರು. ನೀನು ಹೇಳಿಕೊಟ್ಟ ಹಾಗೆ ‘ಯಾಕೆಂದರೆ’ ಹೇಳಿದೆ. “ಎರಡೂ ಸರಿ ಟೀಚರ್, ಯಾಕೆಂದ್ರೆ ನಮ್ಮ ಮನೇಲಿ ನಾನು ಅಮ್ಮ ಅಂತೀನಿ, ಅಕ್ಕ ಚಿಕ್ಕಮ್ಮ ಅಂತಾಳೆ.”

ಹಿಂದಿನ ಬೆಂಚಿನವಳು ಜೋರಾಗಿ, “ಅಂದ್ರೆ ಅವಳು ನಿನ್ನ ಸ್ವಂತ ಅಕ್ಕ ಅಲ್ವಲ್ಲೇ!” ಅಂದಳು. ಟೀಚರ್ ಅವಳಿಗೆ, “ಏಯ್, ಬಾಯಿ ಮುಚ್ಚು” ಅಂದು ನನಗೆ ಪೂರ್ತಿ ಅಂಕ ಕೊಟ್ಟರು. ಕೇಳದೆಯೇ ಕೊಟ್ಟರು. ಅದಕ್ಕೇ ನನಗೆ ಅನುಮಾನ ಬಂತು.

ಅಕ್ಕ, ನಾನು ಇಷ್ಟು ದಿನ ಏನು ಅಂದುಕೊಂಡಿದ್ದೆ ಅಂದರೆ, ಅಮ್ಮ ಕುಳ್ಳಗಿದ್ದಾಳೆ, ಮೇಲಿನ ಡಬ್ಬಿ ತೆಗೆಯಲು ಸ್ಟೂಲು ಹತ್ತುತ್ತಾಳೆ, ಅದಕ್ಕೇ ನೀನು ಚಿಕ್ಕ ಅಮ್ಮ ಅನ್ನುತ್ತೀಯ ಅಂತ. ಬೀರುವಿನ ಮೇಲಿನ ಫೋಟೋದಲ್ಲಿ ಇರುವವರನ್ನು ಅಮ್ಮ ನನಗೆ ‘ದೊಡ್ಡಮ್ಮ’ ಅಂತ ತೋರಿಸಿದ್ದಾಳೆ. ಅವರು ಎತ್ತರ ಇದ್ದಾರೆ, ಬಾಗಿಲಿನ ಚೌಕಟ್ಟು ತಲೆಗೆ ತಾಗುತ್ತಿದೆ. ಹಾಗಾಗಿ ಲೆಕ್ಕ ಸರಿಹೋಗುತ್ತಿತ್ತು. ಎತ್ತರದವರು ದೊಡ್ಡಮ್ಮ, ಕುಳ್ಳಗಿರುವವರು ಚಿಕ್ಕಮ್ಮ.

ನೀನು ಸಂಬಂಧದ ಪಾಠದಲ್ಲಿ ಎಲ್ಲ ಪದ ಬರೆದೆ. ಆ ಒಂದು ಪದ ಬಿಟ್ಟೆ.

ನೀನು ಅಮ್ಮನನ್ನು ಚಿಕ್ಕಮ್ಮ ಅಂತ ಯಾಕೆ ಕರೆಯುತ್ತೀಯ? ‘ಯಾಕೆಂದರೆ’ ಇಲ್ಲದೆ ಉತ್ತರ ಕಳಿಸಬೇಡ.

ತಂಗಿ


ಆಗಸ್ಟ್ 9

ಪುಟ್ಟ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ‘ಎತ್ತರದವರು ದೊಡ್ಡಮ್ಮ’ ಅನ್ನುವಲ್ಲಿ ನಗು ಬಂತು. ಮೂರನೇ ಸಲ ಬರಲಿಲ್ಲ.

ಗೆರೆ ಎಳೆದು ಹೇಳುತ್ತೇನೆ. ಅಪ್ಪ ಒಂದು ಚೌಕ. ಅವರ ಎಡಕ್ಕೆ ಒಂದು ಸೊನ್ನೆ, ಫೋಟೋದಲ್ಲಿ ಇರುವವರು. ಆ ಗೆರೆಯ ಕೆಳಗೆ ನಾನು. ನನಗೆ ಐದು ವರ್ಷ ಆಗಿದ್ದಾಗ ಅವರು ಕಾಯಿಲೆಯಲ್ಲಿ ಹೋದರು. ಅಪ್ಪನ ಬಲಕ್ಕೆ ಇನ್ನೊಂದು ಸೊನ್ನೆ, ನಿನ್ನ ಅಮ್ಮ. ಅವಳು ಬಂದಾಗ ನನಗೆ ಏಳು. ನೀನು ಹುಟ್ಟಿದಾಗ ಒಂಬತ್ತು. ಅಪ್ಪನ ಮೊದಲ ಹೆಂಡತಿ ನಿನಗೆ ದೊಡ್ಡಮ್ಮ ಆಗಬೇಕು, ಎರಡನೆಯವಳು ನನಗೆ ಚಿಕ್ಕಮ್ಮ. ಯಾಕೆಂದರೆ ಆ ಪದಗಳು ಎತ್ತರ ಅಳೆಯುವುದಿಲ್ಲ, ಯಾರು ಮೊದಲು ಬಂದರು ಅಂತ ಹೇಳುತ್ತವೆ.

ನಿನ್ನ ಲೆಕ್ಕ ತಪ್ಪು, ಆದರೆ ಅದರೊಳಗೆ ಒಂದೂ ಬಿರುಕು ಇರಲಿಲ್ಲ. ಅದಕ್ಕೇ ಹನ್ನೊಂದು ವರ್ಷ ನಿಂತಿತು.

ಯಾರೂ ಮುಚ್ಚಿಟ್ಟದ್ದಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳಲಿಲ್ಲ, ಅಷ್ಟೇ. ಪಾಠದಲ್ಲಿ ಆ ಪದ ಬಿಟ್ಟದ್ದು ಬೇಕೆಂದೇ. ಬರೆಯಲು ಕೈ ಹೋಗಲಿಲ್ಲ. ಅದು ನನ್ನ ತಪ್ಪು.

ಹಿಂದಿನ ಬೆಂಚಿನವಳಿಗೆ ಹೇಳು, ನೀನು ಹುಟ್ಟಿದ ದಿನ ನಾನು ಶಾಲೆಗೆ ಚಕ್ಕರ್ ಹೊಡೆದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ ಅಂತ. ಅದು ಸ್ವಂತವೋ ಅಲ್ಲವೋ ಅವಳೇ ಹೇಳಲಿ.

ಅಕ್ಕ


ಆಗಸ್ಟ್ 28

ಹೂಂಗುಟ್ಟಮ್ಮ,

ಉತ್ತರ ಬರಲಿಲ್ಲ. ಟಪಾಲು ತಪ್ಪಿತೇನೋ. ಹತ್ತು ಹೊಸ ಪ್ರಶ್ನೆ ಇಟ್ಟಿದ್ದೇನೆ. ನಿನಗೆ ಇಷ್ಟವಾದದ್ದನ್ನು ಮೊದಲು ಮಾಡು. ಪರೀಕ್ಷೆಗೆ ಹತ್ತು ವಾರ ಇದೆ.

ಬುಗುರಿ


ಸೆಪ್ಟೆಂಬರ್ 14

ತಂಗಿಗೆ,

ಆರು ವಾರ ಆಯಿತು. ಫೋನ್ ಮಾಡಿದರೆ ಚಿಕ್ಕಮ್ಮ ಎತ್ತಿ, “ಓದ್ತಾ ಇದ್ದಾಳೆ”, “ಸ್ನಾನಕ್ಕೆ ಹೋಗಿದ್ದಾಳೆ” ಅನ್ನುತ್ತಾಳೆ. ಆರು ವಾರ ಯಾರೂ ಸ್ನಾನ ಮಾಡುವುದಿಲ್ಲ.

ನನಗೆ ಅರ್ಥವಾಯಿತು. ನಾನು ನಿನಗೆ ನಿಜ ಹೇಳಿದ್ದು ಚಿಕ್ಕಮ್ಮನಿಗೆ ಹಿಡಿಸಿಲ್ಲ. ಪತ್ರಗಳನ್ನು ಎತ್ತಿಟ್ಟಿದ್ದಾಳೆ. ಮೊದಲೂ ಹೀಗೇ, ನನ್ನ ಸೈಕಲಿನ ಬೀಗದ ಕೈ ಎತ್ತಿಡುತ್ತಿದ್ದಳು, ಕೇಳಿದರೆ “ಸಿಕ್ಕತ್ತೆ ಬಿಡು” ಅನ್ನುತ್ತಿದ್ದಳು. ನೀನು ಇಲ್ಲಿಗೆ ಬರುವುದು ಅವಳಿಗೆ ಬೇಡ. ನನ್ನ ಹಾಗೆ ನೀನೂ ಆಗುತ್ತೀಯ ಅಂತ ಹೆದರಿಕೆ ಇರಬೇಕು.

ಈ ಪತ್ರವನ್ನೂ ಅವಳೇ ಓದುತ್ತಿದ್ದರೆ, ಓದಲಿ. ಚಿಕ್ಕಮ್ಮ, ನನ್ನ ಮೇಲಿನ ಸಿಟ್ಟನ್ನು ಅವಳ ಪರೀಕ್ಷೆಯ ಮೇಲೆ ತೀರಿಸಿಕೊಳ್ಳಬೇಡ.

ಅಕ್ಕ


ಸೆಪ್ಟೆಂಬರ್ 21

ಅಕ್ಕನಿಗೆ,

ಹೇಳಿಕೆ: ಆರು ವಾರ ಪತ್ರ ಬರಲಿಲ್ಲ.
ಹೇಳಿಕೆ: ಚಿಕ್ಕಮ್ಮ ಫೋನ್ ಎತ್ತುತ್ತಾಳೆ.
ತೀರ್ಮಾನ: ಚಿಕ್ಕಮ್ಮ ಪತ್ರ ಎತ್ತಿಟ್ಟಿದ್ದಾಳೆ.

ತಪ್ಪು. ಯಾವ ಮೆಷಿನ್ನು ಅಂತ ನೀನು ಕೇಳಲೇ ಇಲ್ಲ.

ಪತ್ರಗಳೆಲ್ಲ ನನ್ನ ಹತ್ತಿರವೇ ಇವೆ. ಫೋನ್ ಬಂದಾಗ ಇಲ್ಲ ಅನ್ನು ಅಂತ ಅಮ್ಮನಿಗೆ ಹೇಳಿಕೊಟ್ಟದ್ದು ನಾನು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ದಿನಾ ಸ್ನಾನ ಅಂದಳು.

ಇನ್ನೊಂದು ಹೇಳಬೇಕು. ನೀನು ಲಾಂಡ್ರಿಯಲ್ಲಿ ಓದಿ ಹೇಳಿದ ಆಯಾಸದ ಉತ್ತರ ನನ್ನದಲ್ಲ. ಅಮ್ಮನದು. ಭಾವನ ಉತ್ತರವೂ ಅವಳದೇ. ಮೊದಲ ಪತ್ರ ಬಂದ ದಿನ ಅವಳು ಕಾಜಾ ಹೊಲಿಯುತ್ತಾ, “ಏನಂತೆ, ಓದು ನೋಡೋಣ” ಅಂದಳು. ಓದಿದೆ. ಸೂಜಿ ನಿಲ್ಲಿಸಿ ಯೋಚನೆ ಮಾಡಿ ಹೇಳಿದಳು. ಆಮೇಲೆ ಪ್ರತಿ ಸಲ ನಾವಿಬ್ಬರೂ ಸೇರಿಯೇ ಬಿಡಿಸಿದ್ದು. “ಅಕ್ಕಂಗೆ ಹೇಳಬೇಡ, ನಾನು ಅಂತ ಗೊತ್ತಾದ್ರೆ ನಗು ನಿಂತು ಹೋಗತ್ತೆ” ಅಂದಳು. ನೀನು ‘ನಿನ್ನ ತಲೆ ಒಳ್ಳೆಯದು’ ಅಂತ ಬರೆದ ಪತ್ರವನ್ನು ಎರಡು ಸಲ ಓದಿಸಿಕೊಂಡಳು.

ಹದಿನಾಲ್ಕನೇ ತಾರೀಖಿನ ಪತ್ರವನ್ನು ನಾನು ಅವಳಿಗೆ ಓದಲಿಲ್ಲ. ಅಕ್ಕಂದು ಏನು ಬಂತು ಅಂತ ಕೇಳಿದಳು. ಹತ್ತು ಪ್ರಶ್ನೆ ಅಂದೆ.

ನಾನು ಯಾಕೆ ಬರೆಯಲಿಲ್ಲ ಅಂದರೆ, ನೀನು ಗೆರೆ ಎಳೆದು ಕಳಿಸಿದ ಮೇಲೆ ನಾನೂ ಮುಂದಕ್ಕೆ ಎಳೆದೆ. ಅಕ್ಕ ಅಮ್ಮನ ಮಗಳಲ್ಲ. ಅಕ್ಕ ಮನೆ ಬಿಟ್ಟು ಹೋದಳು. ಆದ್ದರಿಂದ ಅಕ್ಕ ಹೋದದ್ದು ಅಮ್ಮನಿಂದ. ಹಾಗಾದರೆ ನಾನು ಪಾಸಾಗಿ ನಿನ್ನ ಹತ್ತಿರ ಬಂದರೆ ಅಮ್ಮನನ್ನು ಇಬ್ಬರೂ ಬಿಟ್ಟ ಹಾಗೆ. ಬರದಿದ್ದರೆ ನಿನ್ನನ್ನು ಬಿಟ್ಟ ಹಾಗೆ. ಅದಕ್ಕೇ ಪರೀಕ್ಷೆಯನ್ನೇ ಬರೆಯುವುದು ಬೇಡ ಅಂದುಕೊಂಡೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಆದರೆ ನಿನ್ನ ಸಿಟ್ಟಿನ ಪತ್ರ ಓದಿದಾಗ ಒಂದು ಹೊಳೆಯಿತು. ನೀನು ಇಷ್ಟು ದೊಡ್ಡವಳಾಗಿ ತಪ್ಪು ತೀರ್ಮಾನ ಮಾಡಬಹುದಾದರೆ ನಾನೂ ಮಾಡಿರಬಹುದು. ನನ್ನ ಆ ‘ಆದ್ದರಿಂದ’ದ ಮುಂದೆ ಈಗ ‘ಮಾಹಿತಿ ಸಾಲದು’ ಅಂತ ಬರೆದಿದ್ದೇನೆ.

ಮಾಹಿತಿ ನಿನ್ನ ಹತ್ತಿರ ಇದೆ. ಕೊಡು.

ತಂಗಿ


ಸೆಪ್ಟೆಂಬರ್ 28

ಪುಟ್ಟ,

ಕೊಡುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಹತ್ತನೇ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಫೇಲಾದೆ. ನಿನಗೆ ಆಗ ಏಳು ವರ್ಷ. ಮತ್ತೆ ಬರೆಯಲು ಅರ್ಜಿ ತಂದವಳು, ತುಂಬಿದವಳು, ನನ್ನ ಫೋಟೋ ಅಂಟಿಸಿದವಳು ಚಿಕ್ಕಮ್ಮ. ಪರೀಕ್ಷೆಯ ದಿನ ನಿನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ನನ್ನ ಜೊತೆ ಗೇಟಿನವರೆಗೂ ಬಂದಳು. “ಹೋಗು, ಬಂದಷ್ಟು ಬರಿ” ಅಂದಳು. ನಾನು ಮುಂದಿನ ಗೇಟಿನಿಂದ ಒಳಗೆ ಹೋಗಿ ಹಿಂದಿನ ಗೇಟಿನಿಂದ ಹೊರಗೆ ಬಂದೆ. ಮೂರು ಗಂಟೆ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮನೆಗೆ ಬಂದಾಗ “ಹೇಗಿತ್ತು?” ಅಂದಳು. “ಪರವಾಗಿಲ್ಲ” ಅಂದೆ. ನಾನು ಹೇಳಿದ ಸುಳ್ಳುಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಫಲಿತಾಂಶದ ಕಾಗದ ಬಂದದ್ದು ಅವಳ ಕೈಗೆ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಫೇಲಾದವರಿಗೆ ಅಂಕ ಇರುತ್ತದೆ, ನನ್ನದರಲ್ಲಿ ‘ಗೈರುಹಾಜರು’ ಅಂತ ಇತ್ತು. ಅವಳು ಓದಿದಳು, ಇನ್ನೊಂದು ಸಲ ಓದಿದಳು, ನಾಲ್ಕಾಗಿ ಮಡಚಿ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿದಳು. ಅಪ್ಪ ಕೇಳಿದಾಗ, “ಪಾಪ, ಬರೆದಿದ್ದಾಳೆ, ಈ ಸಲವೂ ಪಾಸಾಗಿಲ್ಲ. ಏನೂ ಅನ್ನಬೇಡಿ” ಅಂದಳು. ಸುಳ್ಳು ಹೇಳಲು ಬಾರದವಳು ಅವತ್ತು ಹೇಗೆ ಹೇಳಿದಳೋ.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಮನೆಯಲ್ಲೇ ಇರುತ್ತಿದ್ದೆ. ಅವಳು ಊಟಕ್ಕೆ ಕರೆಯುತ್ತಿದ್ದಳು, ನಾನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದೆ. ನಾಲ್ಕು ತಿಂಗಳು ಅವಳ ಮುಖ ನೋಡಲು ಆಗಲಿಲ್ಲ. ಕೆಲಸ ಸಿಕ್ಕಿತು ಅಂತ ಹೊರಟೆ.

ಆದ್ದರಿಂದ, ಅಕ್ಕ ಹೋದದ್ದು ಅಮ್ಮ ಕೆಟ್ಟವಳಾಗಿದ್ದಕ್ಕಲ್ಲ. ಅವಳು ಒಳ್ಳೆಯವಳಾಗಿದ್ದನ್ನು ತಡೆದುಕೊಳ್ಳಲು ಆಗದೆ.

ಸೈಕಲಿನ ಬೀಗದ ಕೈ ಎತ್ತಿಡುತ್ತಿದ್ದದ್ದು ನಿಜ. ಬ್ರೇಕು ಹಿಡಿಯುತ್ತಿರಲಿಲ್ಲ. ಅದನ್ನು ಬರೆಯುವಾಗ ಬಿಟ್ಟೆ.

ಹಿಂದಿನ ಪತ್ರವನ್ನೂ ಇದನ್ನೂ ಚಿಕ್ಕಮ್ಮನಿಗೆ ಕೊಡು. ಎರಡನ್ನೂ. ಹಿಂದಿನದನ್ನು ಹರಿದು ಹಾಕಬೇಡ, ನಾನು ಬರೆದದ್ದೇ ಅದು.

ಪರೀಕ್ಷೆ ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಬರಿ ಅಂತ ಹೇಳುವ ಹಕ್ಕು ನನಗಿಲ್ಲ, ಯಾಕೆ ಅಂತ ಮೇಲೆ ಓದಿದ್ದೀಯ. ಆದರೆ ನಾನು ಕಾಯುತ್ತಿದ್ದೇನೆ ಅನ್ನುವುದು ಮಾಹಿತಿ. ಅದನ್ನೂ ಸೇರಿಸಿಕೋ.

ಅಕ್ಕ


ಅಕ್ಟೋಬರ್ 10

ಪ್ರೀತಿಯ ಅಕ್ಕನಿಗೆ,

ಎರಡನ್ನೂ ಕೊಟ್ಟೆ. ಅಮ್ಮ ಕಿಟಕಿಯ ಹತ್ತಿರ ನಿಂತು ಓದಿದಳು. ಸಿಟ್ಟಿನ ಪತ್ರ ಓದಿ, “ಸ್ನಾನ ಅಂದದ್ದು ಜಾಸ್ತಿ ಆಯ್ತು ಅಲ್ವಾ?” ಅಂದಳು. ಇನ್ನೊಂದನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಳು. ನಾನು ಗಂಟೆ ನೋಡಲಿಲ್ಲ, ಆದರೆ ಒಲೆಯ ಮೇಲಿನ ಹಾಲು ಉಕ್ಕಿತು, ಅವಳು ನೋಡಲಿಲ್ಲ.

ಆಮೇಲೆ, “ಈ ಹುಡುಗಿ ಇನ್ನೂ ಅದನ್ನೇ ಹೊತ್ಕೊಂಡು ತಿರುಗ್ತಿದ್ದಾಳಾ?” ಅಂದಳು. ನಾನು ಏನು ಬರೆಯಲಿ ಅಂತ ಕೇಳಿದೆ. ಯೋಚನೆ ಮಾಡಿ ಹೇಳಿದಳು, “ಅವತ್ತು ಬಸ್ ಸ್ಟ್ಯಾಂಡಲ್ಲಿ ಮೂರು ಗಂಟೆ ಏನಾದ್ರೂ ತಿಂದ್ಲಾ ಇಲ್ವಾ, ಅದನ್ನ ಕೇಳು. ಬೆಳಿಗ್ಗೆ ತಿಂಡಿ ಬಿಟ್ಟು ಹೋಗಿದ್ಲು.”

ಅಷ್ಟೇ. ಬೇರೆ ಏನೂ ಬೇಡವಂತೆ.

ನಾನು ಪರೀಕ್ಷೆ ಬರೆಯುತ್ತೇನೆ. ಬರೆಯಲ್ಲ ಅಂದುಕೊಂಡಿದ್ದೆ ಅಂತ ಅಮ್ಮನಿಗೆ ಹೇಳಿದ್ದಕ್ಕೆ ತಲೆಗೆ ಒಂದು ಮೊಟಕಿದಳು. ನೋಯಲಿಲ್ಲ.

ತಂಗಿ


ಅಕ್ಟೋಬರ್ 16

ಹೂಂಗುಟ್ಟಮ್ಮನಿಗೆ,

ಚಿಕ್ಕಮ್ಮನಿಗೆ ಹೇಳು, ತಿಂದೆ. ಎರಡು ಬನ್ನು, ಒಂದು ಟೀ. ಆಮೇಲೆ ಬೆಂಚಿನ ಮೇಲೆ ನಿದ್ದೆಯನ್ನೂ ಮಾಡಿದೆ. ಹಸಿದುಕೊಂಡು ಅಳುತ್ತಾ ಕೂತಿದ್ದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಹಾಗೆ ಆಗಲಿಲ್ಲ.

ಪ್ರಶ್ನೆಗಳು ಇಪ್ಪತ್ತು ಇವೆ. ಹತ್ತು ನಿನಗೆ, ಹತ್ತು ಅವಳಿಗೆ. ಇನ್ನು ಮೇಲೆ ಯಾರ ಉತ್ತರ ಯಾವುದು ಅಂತ ಮೇಲೆ ಬರೆಯಬೇಕು. ಹೊಗಳಿಕೆ ತಪ್ಪು ವಿಳಾಸಕ್ಕೆ ಹೋಗಬಾರದು.

ಬುಗುರಿ


ನವೆಂಬರ್ 12

ಹೂಂಗುಟ್ಟಮ್ಮನಿಗೆ,

ಪರೀಕ್ಷೆ ಮುಗಿಸಿ ನೀವಿಬ್ಬರೂ ಬಸ್ಸು ಹತ್ತಿ ಹೋದ ಮೇಲೆ ಈ ಊರು ಮೊದಲಿಗಿಂತ ಖಾಲಿಯಾಯಿತು.

ನೀನು ಒಳಗೆ ಬರೆಯುತ್ತಿದ್ದಾಗ ಹೊರಗೆ ಏನಾಯಿತು ಅಂತ ಕೇಳಿದ್ದೆಯಲ್ಲ. ಏನೂ ಆಗಲಿಲ್ಲ. ಮೊದಲ ಅರ್ಧ ಗಂಟೆ ನಾನು ಶಾಲೆಯ ಹಿಂದಿನ ಗೇಟಿನ ಹತ್ತಿರ ನಿಂತಿದ್ದೆ, ನೀನು ಹೊರಗೆ ಬಂದರೆ ಹಿಡಿಯೋಣ ಅಂತ. ಆಮೇಲೆ ಚಿಕ್ಕಮ್ಮ ಅಲ್ಲಿಗೇ ಬಂದು, “ಅವಳು ನಿನ್ನ ಹಂಗಲ್ಲ, ಬಾ” ಅಂದಳು. ಇಬ್ಬರೂ ಮರದ ಸುತ್ತಲಿನ ಕಟ್ಟೆಯ ಮೇಲೆ ಕೂತೆವು. ಅವಳು ನನ್ನ ಕೈ ನೋಡಿ, “ಸೋಪಿಗೆ ಹೀಗೆ ಒಡೆದಿದ್ಯಾ? ಎಣ್ಣೆ ಹಚ್ಚಲ್ವಾ?” ಅಂದಳು. ಹಚ್ಚುತ್ತೇನೆ ಅಂದೆ. “ಸುಳ್ಳು” ಅಂದಳು. ಹೌದು, ಸುಳ್ಳು ಅಂದೆ. ಇಬ್ಬರಿಗೂ ನಗು ತಡೆಯಲು ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ಯಾವುದೋ ಮಗುವಿನ ಅಪ್ಪ ಎದ್ದು ಬೇರೆ ಕಡೆ ಹೋದರು.

ಬುಗುರಿ


ಡಿಸೆಂಬರ್ 27

ಪ್ರೀತಿಯ ಅಕ್ಕನಿಗೆ,

ಆಯ್ಕೆಯಾದವರ ಪಟ್ಟಿ ಬಂತು. ನಲವತ್ತು ಜನರಲ್ಲಿ ನಾನು ಮೂವತ್ತೊಂದನೆಯವಳು. ಮಾತಿನ ಲೆಕ್ಕದಲ್ಲಿ ನಲವತ್ತಕ್ಕೆ ಮೂವತ್ತಾರು. ಅಪ್ಪ ಲಾರಿಯ ಹಾರ್ನು ಹೊಡೆದು ಹೊಡೆದು ಬೀದಿಯವರ ಹತ್ತಿರ ಬೈಸಿಕೊಂಡರು. ಜೂನಿನಲ್ಲಿ ಬರಬೇಕಂತೆ.

ಅಮ್ಮ ತುಂಬಾ ಖುಷಿ ಅನ್ನುತ್ತಾಳೆ. ಆದರೆ ನಿನ್ನೆ ಶಾಲೆಯಿಂದ ಬಂದಾಗ ಅವಳು ಪುಸ್ತಕ ತೆಗೆದುಕೊಂಡು ಒಬ್ಬಳೇ ಕೂತಿದ್ದಳು. ನಾವು ನಿಲ್ಲಿಸಿದ ಪುಟ ದಾಟಿ ಹದಿನಾಲ್ಕು ಪುಟ ಮುಂದೆ ಹೋಗಿದ್ದಳು. ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಸೀಮೆಸುಣ್ಣದ ಪೆನ್ಸಿಲಿನಲ್ಲಿ, ಬಟ್ಟೆಗೆ ಗುರುತು ಹಾಕುತ್ತಾಳಲ್ಲ ಅದರಲ್ಲಿ, ಸಣ್ಣಗೆ ಕಾರಣ ಬರೆದಿದ್ದಳು. “ಪರೀಕ್ಷೆ ಮುಗೀತಲ್ಲಮ್ಮ, ಯಾಕೆ ಮಾಡ್ತಿದ್ದೀಯ?” ಅಂದೆ. “ಅಭ್ಯಾಸ ಆಗ್ಹೋಗಿದೆ. ನೀನು ಹೋದ್ಮೇಲೆ ಯಾರಿಗೆ ಹೇಳೋದೋ” ಅಂದಳು. ನಗುತ್ತಾ ಅಂದಳು. ಅಪ್ಪ ವಾರಕ್ಕೆ ಒಂದು ದಿನ ಮನೆಯಲ್ಲಿ ಇರುತ್ತಾರೆ, ಅವತ್ತು ಮಲಗಿರುತ್ತಾರೆ.

ಅಕ್ಕ, ನಾನು ಬರಲೋ ಬೇಡವೋ? ಇದಕ್ಕೆ ಗೆರೆ ಎಳೆಯಲು ನನಗೆ ಬರುತ್ತಿಲ್ಲ.

ತಂಗಿ


ಜನವರಿ 4

ಚಿಕ್ಕಮ್ಮನಿಗೆ,

ಈ ಒಂದು ಪದ ಬರೆದು ಅರ್ಧ ಗಂಟೆ ಕೂತಿದ್ದೆ. ನಿನಗೆ ಅಂತ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ‘ಅಮ್ಮ’ ಅಂತಲೂ ಬರೆದು ನೋಡಿದೆ. ಹೊಸ ಚಪ್ಪಲಿಯ ಹಾಗೆ ಕಚ್ಚಿತು, ಹೊಡೆದು ಹಾಕಿದೆ. ಜ್ವರ ಬಂದಾಗ, ಬಿದ್ದಾಗ, ಹಸಿವಾದಾಗ ನಾನು ಕೂಗಿದ್ದು ಚಿಕ್ಕಮ್ಮ ಅಂತಲೇ. ಪುಸ್ತಕದವರು ಆ ಪದಕ್ಕೆ ಏನು ಅರ್ಥ ಕೊಟ್ಟರೂ ನನ್ನ ಬಾಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ, ಒಂದೇ ಜೀವ.

ಹತ್ತನೇ ಕ್ಲಾಸು ಮತ್ತೆ ಬರೆಯುತ್ತೇನೆ ಅಂತ ಮಾತು ಕೊಡುವುದಿಲ್ಲ. ಕೊಟ್ಟು ತಪ್ಪಿದ್ದು ಒಂದು ಸಲ ಸಾಕು. ಆ ಕಾಗದವನ್ನು ಡ್ರಾಯರಿನಲ್ಲಿ ಇಟ್ಟಿದ್ದಕ್ಕೆ ಏನು ಹೇಳಬೇಕೋ ಅದನ್ನು ಎದುರಿಗೆ ಹೇಳುತ್ತೇನೆ, ಬರೆಯಲು ಆಗುತ್ತಿಲ್ಲ.

ಪುಟ್ಟಿಯನ್ನು ಕಳಿಸು. ಅವಳು ನಿನ್ನನ್ನು ಬಿಟ್ಟು ಬರುವುದಕ್ಕೆ ಹೆದರುತ್ತಿದ್ದಾಳೆ, ನೀನು ಅದನ್ನು ಕಂಡೂ ನಗುತ್ತಿದ್ದೀಯ. ಇಬ್ಬರದೂ ನನಗೆ ಇಲ್ಲಿಂದಲೇ ಕಾಣುತ್ತದೆ. ಜೂನಿನಿಂದ ಅವಳಿಗೆ ಪಾಠ ಹೇಳಲು ಇಲ್ಲಿ ಟೀಚರುಗಳು ಇರುತ್ತಾರೆ. ನನ್ನ ಪ್ರಶ್ನೆಗಳಿಗೆ ಯಾರೂ ಇರುವುದಿಲ್ಲ. ಹಾಗಾಗಿ ಅವು ಇನ್ನು ನಿನ್ನ ಹೆಸರಿಗೇ ಬರುತ್ತವೆ. ಇದು ಮೊದಲನೆಯದು, ಪುಸ್ತಕದ್ದಲ್ಲ.

ಹೇಳಿಕೆ ಒಂದು: ಆ ಹಾಸ್ಟೆಲಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ತಾಯಂದಿರನ್ನು ಸಂಜೆಯವರೆಗೂ ಒಳಗೆ ಬಿಡುತ್ತಾರೆ.
ಹೇಳಿಕೆ ಎರಡು: ಸಂಜೆಯ ಮೇಲೆ ನಮ್ಮ ಊರಿಗೆ ಬಸ್ಸಿಲ್ಲ, ಸೋಮವಾರ ಬೆಳಿಗ್ಗೆಯೇ.
ಹೇಳಿಕೆ ಮೂರು: ನನ್ನ ಕೋಣೆಯಲ್ಲಿ ಎರಡು ಹಾಸಿಗೆ ಹಾಸುವಷ್ಟು ಜಾಗ ಇದೆ. ಅಳೆದು ನೋಡಿದ್ದೇನೆ.

ತೀರ್ಮಾನ ನೀನೇ ಬರಿ.

ನಿನ್ನ
ದೊಡ್ಡವಳು